ಬಿಸಿಲಿನ ಬಗ್ಗೆ ಕೇಳಿದವರು ಯಾರು?

ಪುಣೆಯ ಶಿವಾಜಿನಗರದಲ್ಲಿ ‘ಸಿಮ್ಲಾ ಆಫೀಸ್’ ಅನ್ನುವ ಚೌಕವಿದೆ. ಈ ಊರಿಗೆ ಬಂದ ಹೊಸದರಲ್ಲಿ ರಿಕ್ಷಾದವರ ಬಾಯಲ್ಲಿ ಆ ಹೆಸರು ಕೇಳಿ, ಹಿಮಾಚಲದ ಪ್ರವಾಸೋದ್ಯಮದವರ ಕಚೇರಿಯೇನೋ ಇರಬೇಕು ಅಂದುಕೊಂಡಿದ್ದೆ. ಅಲ್ಲಿರುವುದು ಗೋಪುರದ ಹಳೆಯ ಕಲ್ಲಿನ ಕಟ್ಟಡ, ಭಾರತೀಯ ಹವಾಮಾನ ಇಲಾಖೆಯದು. 1928ರಲ್ಲಿ ಇಲಾಖೆಯ ಕೇಂದ್ರ ಕಚೇರಿ ಶಿಮ್ಲಾದಿಂದ ಇಲ್ಲಿಗೆ ಬಂತು. 1944ರಲ್ಲಿ ದಿಲ್ಲಿಗೆ ಹೋಯಿತು. ಹೆಸರು ಮಾತ್ರ ಇಲ್ಲೇ ಉಳಿಯಿತು. ಬೆಟ್ಟದ ತಂಪಿನ ಹೆಸರು ಹೊತ್ತ ಕಟ್ಟಡದ ಮುಂದೆ ಏಪ್ರಿಲ್ ಬಿಸಿಲಲ್ಲಿ ಸಿಗ್ನಲ್‌ಗೆ ಕಾಯುವಾಗ ನಗು ಬರುತ್ತಿತ್ತು. ಆ ಹೆಸರಿನೊಳಗೆ ಒಂದು ಇತಿಹಾಸ ಇದೆ ಎಂದು ಗೊತ್ತಾದದ್ದು ಬಹಳ ತಡವಾಗಿ, ಅದೂ ಒಬ್ಬ ಗೌಂಡಿ ಕಾಕಾ ಕೇಳಿದ ಪ್ರಶ್ನೆಯಿಂದ.

ಊರ ಹೊರಗೆ ಕಟ್ಟುತ್ತಿರುವ ಒಂದು ಕಟ್ಟಡದ ಹನ್ನೊಂದನೇ ಮಹಡಿಯಲ್ಲಿ ನಾನೊಂದು ಫ್ಲ್ಯಾಟ್ ಬುಕ್ ಮಾಡಿದ್ದೇನೆ. ತಿಂಗಳಿಗೊಮ್ಮೆ ಹೋಗಿ ಎಷ್ಟು ಮೇಲೆದ್ದಿದೆ ಎಂದು ನೋಡಿ ಬರುವುದು ರೂಢಿ. ಮಾರ್ಚ್ ಕೊನೆಯ ಒಂದು ಭಾನುವಾರ ಅಲ್ಲಿ ಕನ್ನಡ ಕೇಳಿಸಿತು. ಯಾದಗಿರಿ ಕಡೆಯ ಗೌಂಡಿಗಳ ಒಂದು ಗುಂಪು. ನಾನು ವಿಜಯಪುರ ಜಿಲ್ಲೆಯವನು ಅಂದಕೂಡಲೇ ಅವರಲ್ಲಿ ಹಿರಿಯರೊಬ್ಬರು ಇಟ್ಟಿಗೆಯ ಮೇಲೆ ಕೂರಲು ಜಾಗ ಕೊಟ್ಟರು. ಅದೂ ಇದೂ ಮಾತಾಡುತ್ತ ಕೇಳಿದರು:

“ಸರ, ಈ ಸಲ ಬ್ಯಾಸಗಿ ಹೆಂಗ ಅದ ಅಂತ ನಿಮ್ಮ ಮೊಬೈಲ್‌ನಾಗ ತೋರಸ್ತದೇನ್ರಿ?”

ಹವಾಮಾನ ಇಲಾಖೆಯ ಬೇಸಿಗೆ ಮುನ್ನೋಟದ ಸುದ್ದಿ ತೆರೆದು ಓದಿದೆ. “ಏಪ್ರಿಲ್‌ನಿಂದ ಜೂನ್‌ತನಕ ವಾಡಿಕೆಗಿಂತ ಹೆಚ್ಚು ಬಿಸಲು, ನಡುನಡುವ ಗುಡುಗು-ಮಳಿ ಅಂತ ಬರದಾರ ಕಾಕಾ.”

ಅವರು ನಕ್ಕರು. “ಬಿಸಲು ಬರ್ತದ ಅಂತ ಹೇಳಲಿಕ್ಕ ಆಫೀಸ್ ಯಾಕ ಬೇಕ್ರಿ? ಎಷ್ಟೊತ್ತಿಗಿ ಕೆಲಸ ಬಿಡಬೇಕು ಅಂತ ಏನಾರ ಬರದಾರೇನು, ಅದು ನೋಡ್ರಿ.”

ಅದು ಬರೆದಿರಲಿಲ್ಲ. ಮನೆಗೆ ಬಂದು ಓದಲು ಕೂತೆ. ಈ ಮುನ್ನೋಟ ಅನ್ನುವುದು ಎಂದು ಶುರುವಾಯಿತು, ಯಾರಿಗಾಗಿ ಶುರುವಾಯಿತು? ಓದುತ್ತ ಹೋದಂತೆ ನನಗೆ ಕಂಡದ್ದು ಇಷ್ಟು: ನಮ್ಮ ದೇಶದಲ್ಲಿ ಹವಾಮಾನದ ಒಂದೊಂದು ಮುನ್ಸೂಚನೆಯೂ ಹುಟ್ಟಿದ್ದು ಯಾರೋ ಪ್ರಬಲರು ಅದನ್ನು ಕೇಳಿದ್ದರಿಂದ. ಬಿಸಿಲಿನ ಬಗ್ಗೆ ಕೇಳುವವರು ಬಹುಕಾಲ ಇರಲಿಲ್ಲ.

*

ಮೊದಲು ಕೇಳಿದ್ದು ಹಡಗಿನವರು. ಮದ್ರಾಸಿನ ವೀಕ್ಷಣಾಲಯದಲ್ಲಿ 1796ರಿಂದಲೇ ಹವೆಯ ದಾಖಲೆ ಇಡುತ್ತಿದ್ದರು. ಮುಂಬಯಿಯ ಕೊಲಾಬಾ ವೀಕ್ಷಣಾಲಯ 1826ರಲ್ಲಿ ಶುರುವಾಯಿತು. ಆದರೆ ಅವು ದಾಖಲೆಗಳು. ನಾಳೆ ಏನಾಗುತ್ತದೆ ಎಂದು ಹೇಳುವ ಕೆಲಸ ಅವುಗಳದ್ದಾಗಿರಲಿಲ್ಲ. ಕಲ್ಕತ್ತೆಯಲ್ಲಿ ಹೆನ್ರಿ ಪಿಡಿಂಗ್ಟನ್ ಎಂಬಾತ ಬಂಗಾಳ ಕೊಲ್ಲಿಯ ಬಿರುಗಾಳಿಗಳ ಬೆನ್ನು ಹತ್ತಿ, ಹಡಗುಗಳ ದಿನಚರಿ ಪುಸ್ತಕಗಳನ್ನು ಕಲೆಹಾಕಿ ಏಷ್ಯಾಟಿಕ್ ಸೊಸೈಟಿಯ ಪತ್ರಿಕೆಯಲ್ಲಿ ವರ್ಷಗಟ್ಟಲೆ ಬರೆದ. ಇವತ್ತು ಟಿವಿಯವರು ಉಸಿರು ಬಿಡದೆ ಹೇಳುವ ‘ಸೈಕ್ಲೋನ್’ ಎಂಬ ಪದವನ್ನು ಟಂಕಿಸಿದವನು ಆತನೇ.

1864ರ ಅಕ್ಟೋಬರ್ 5ರಂದು ಕಲ್ಕತ್ತೆಗೆ ಭೀಕರ ಚಂಡಮಾರುತ ಅಪ್ಪಳಿಸಿತು. ಸತ್ತವರು ಸುಮಾರು 60,000. ಬಂದರಿನಲ್ಲಿ ನಿಂತ ಹಡಗುಗಳು ನುಚ್ಚುನೂರಾದವು. ಮರುವರ್ಷವೇ ಕಲ್ಕತ್ತೆ ಬಂದರಿಗೆ ಬಿರುಗಾಳಿ ಎಚ್ಚರಿಕೆ ಕೊಡುವ ವ್ಯವಸ್ಥೆ ಬಂತು. ಹಡಗಿನಲ್ಲಿ ಹಣವಿತ್ತು, ಹಣ ಇದ್ದವರು ಕೇಳಿದರು, ಉತ್ತರ ಬೇಗ ಸಿಕ್ಕಿತು.

ಎರಡನೆಯದಾಗಿ ಕೇಳಿದ್ದು ಸರ್ಕಾರದ ಖಜಾನೆ. 1866ರಲ್ಲಿ ಮಳೆ ಕೈಕೊಟ್ಟ ಒಡಿಶಾದಲ್ಲಿ ಸುಮಾರು ಹತ್ತು ಲಕ್ಷ ಜನ ಸತ್ತರು. 1871ರಲ್ಲಿ ಮತ್ತೆ ಮುಂಗಾರು ತಪ್ಪಿತು. ಆಗಿನ ಸರ್ಕಾರದ ದೊಡ್ಡ ಆದಾಯವೆಂದರೆ ಭೂಕಂದಾಯ. ಮಳೆ ಇಲ್ಲದಿದ್ದರೆ ಬೆಳೆ ಇಲ್ಲ, ಬೆಳೆ ಇಲ್ಲದಿದ್ದರೆ ಕಂದಾಯ ಇಲ್ಲ. 1875ರಲ್ಲಿ ಭಾರತೀಯ ಹವಾಮಾನ ಇಲಾಖೆ ಹುಟ್ಟಿತು. ಅದರ ಹೊಣೆ ಹೊತ್ತವನು ಹೆನ್ರಿ ಬ್ಲ್ಯಾನ್‌ಫರ್ಡ್, ಓದಿನಿಂದ ಭೂವಿಜ್ಞಾನಿ.

ಇಲಾಖೆ ಕಣ್ಣು ಬಿಡುವಷ್ಟರಲ್ಲಿ ದಕ್ಷಿಣದಲ್ಲಿ ಮಹಾ ಬರ. ಹಳೆ ಮೈಸೂರಿನವರು ‘ಧಾತು ಈಶ್ವರ’ದ ಬರ ಎಂದು ಇವತ್ತಿಗೂ ನೆನೆಯುವ 1876-78ರ ಬರ ಅದು. ಧಾತು ಸಂವತ್ಸರದಲ್ಲಿ ಶುರುವಾಗಿ ಈಶ್ವರ ಸಂವತ್ಸರದಲ್ಲಿ ಜನರನ್ನು ಮುಗಿಸಿದ್ದಕ್ಕೆ ಆ ಹೆಸರು. 1871ರ ಜನಗಣತಿಯಲ್ಲಿ 50 ಲಕ್ಷ ದಾಟಿದ್ದ ಮೈಸೂರು ಸಂಸ್ಥಾನದ ಜನಸಂಖ್ಯೆ 1881ರಲ್ಲಿ 42 ಲಕ್ಷದ ಆಸುಪಾಸಿಗೆ ಇಳಿದಿತ್ತು. ಬಿಜಾಪುರ, ಧಾರವಾಡ, ಬಳ್ಳಾರಿ ಕಡೆಯೂ ಇದೇ ಕಥೆ. ಇದಾದ ಮೇಲೆ ಮಳೆಯನ್ನು ಮೊದಲೇ ಹೇಳಲು ಸಾಧ್ಯವೇ ಎಂಬ ಒತ್ತಡ ಬ್ಲ್ಯಾನ್‌ಫರ್ಡ್‌ನ ಮೇಲೆ ಬಿತ್ತು.

ಆತ ನೋಡಿದ್ದು ಹಿಮಾಲಯದ ಕಡೆಗೆ. ವಸಂತದಲ್ಲಿ ಅಲ್ಲಿ ಹಿಮ ಹೆಚ್ಚಿದ್ದರೆ ನೆಲ ಕಾಯುವುದು ತಡ, ನೆಲ ಕಾಯದಿದ್ದರೆ ಮುಂಗಾರು ದುರ್ಬಲ ಎನ್ನುವುದು ಲೆಕ್ಕ. ಕೆಲವು ವರ್ಷ ಪ್ರಯೋಗ ಮಾಡಿ, 1886ರ ಜೂನ್ 4ರಂದು ಮೊದಲ ಅಧಿಕೃತ ಮುಂಗಾರು ಮುನ್ಸೂಚನೆ ಹೊರಬಿತ್ತು. ನಂತರ ಬಂದ ಜಾನ್ ಎಲಿಯಟ್ ಹಿಂದೂ ಮಹಾಸಾಗರ, ಆಸ್ಟ್ರೇಲಿಯಾದ ಮಾಹಿತಿಯನ್ನೂ ಸೇರಿಸಿದ. ಆದರೆ 1899ರಲ್ಲಿ ಒಳ್ಳೆಯ ಮಳೆ ಎಂದು ಹೇಳಿದ್ದು ಪೂರ್ತಿ ತಲೆಕೆಳಗಾಯಿತು. ಆ ವರ್ಷ ಬಂದದ್ದು ಶತಮಾನದ ಕೆಟ್ಟ ಬರಗಳಲ್ಲಿ ಒಂದು. ನನ್ನ ಕೆಲಸದಲ್ಲೂ ಅಂದಾಜು ತಪ್ಪಿ ತಲೆ ತಗ್ಗಿಸಿದ ದಿನಗಳಿವೆ, ಆದರೆ ಅದರಿಂದ ಯಾರೂ ಉಪವಾಸ ಬಿದ್ದಿಲ್ಲ.

1904ರಲ್ಲಿ ಇಲಾಖೆಗೆ ಬಂದವನು ಕೇಂಬ್ರಿಡ್ಜ್‌ನ ಗಣಿತಜ್ಞ ಗಿಲ್ಬರ್ಟ್ ವಾಕರ್. 1913ರಲ್ಲಿ ಮದ್ರಾಸಿಗೆ ಬಂದಾಗ ರಾಮಾನುಜನ್ ಅವರ ಕೆಲಸ ಕಂಡು, ಅವರಿಗೆ ವಿಶ್ವವಿದ್ಯಾಲಯದ ನೆರವು ಸಿಗಬೇಕು ಎಂದು ಪತ್ರ ಬರೆದವನು ಇವನೇ. ಹವೆಯ ವಿಷಯದಲ್ಲಿ ಮೊದಲೇ ಸಿದ್ಧಾಂತ ಕಟ್ಟಿಕೊಳ್ಳದೆ, ಲೋಕದ ಮೂಲೆ ಮೂಲೆಯ ಒತ್ತಡ, ಮಳೆ, ಉಷ್ಣಾಂಶಗಳ ಅಂಕಿಗಳನ್ನು ಎದುರುಬದುರು ಇಟ್ಟು, ಯಾವುದು ಏರಿದಾಗ ಯಾವುದು ಇಳಿಯುತ್ತದೆ ಎಂದು ಹುಡುಕಿದ. ಕಂಪ್ಯೂಟರ್ ಇಲ್ಲದ ಕಾಲ. ಲೆಕ್ಕವೆಲ್ಲ ಗುಮಾಸ್ತರ ಕೈಬರಹದ್ದು. ಹೀಗೆ ಸಿಕ್ಕಿದ್ದು ಶಾಂತ ಸಾಗರದ ಪೂರ್ವ ಭಾಗಕ್ಕೂ ಹಿಂದೂ ಮಹಾಸಾಗರದ ಕಡೆಗೂ ನಡುವೆ ಒತ್ತಡದ ತಕ್ಕಡಿ: ಒಂದು ಕಡೆ ಏರಿದರೆ ಇನ್ನೊಂದು ಕಡೆ ಇಳಿತ. ಅದಕ್ಕೆ ಆತ ‘ಸದರ್ನ್ ಆಸಿಲೇಶನ್’ ಎಂದು ಹೆಸರಿಟ್ಟ. ಅದಕ್ಕೂ ಎಲ್ ನಿನೋಗೂ ಇರುವ ನಂಟನ್ನು ಯಾಕೋಬ್ ಬೆಯರ್ಕ್‌ನೆಸ್ 1969ರಲ್ಲಿ ವಿವರಿಸಿದರು. ಇವತ್ತಿನ ಬೇಸಿಗೆ ಮುನ್ನೋಟದಲ್ಲಿ ಕಾಣುವ ‘ಎಲ್ ನಿನೋ’ ಎಂಬ ಮಾತಿನ ಬೇರು ಅಲ್ಲಿದೆ. ವಾಕರ್ ಹುಡುಕಿದ್ದು ಮಳೆಯನ್ನು. ಬಿಸಿಲಿಗೂ ಅದೇ ಉತ್ತರ ಒದಗಿ ಬಂದದ್ದು ನೂರು ವರ್ಷದ ಮೇಲೆ.

*

ಮೂರನೆಯದಾಗಿ ಕೇಳಿದ್ದು ವಿಮಾನದವರು, ಅವರಿಗೆ ಬೇಕಾಗಿದ್ದು ಮೇಲಿನ ಗಾಳಿ ಮತ್ತು ಗುಡುಗು.

ಬೇಸಿಗೆಯ ಗುಡುಗು-ಮಳೆಗೆ ದೇಶದ ತುಂಬ ಹೆಸರುಗಳಿವೆ. ಬಂಗಾಳದಲ್ಲಿ ಕಾಲಬೈಸಾಖಿ, ಕೇರಳದಲ್ಲಿ ಮಾವಿನ ಹೊಯ್ಲು, ಕರ್ನಾಟಕದಲ್ಲಿ ಕಾಫಿ ಹೂಮಳೆ, ಉತ್ತರದಲ್ಲಿ ಆಂಧಿ. ಶಾಲೆಯಲ್ಲಿ ‘ಹೊಂದಿಸಿ ಬರೆಯಿರಿ’ಗೆ ಇದನ್ನು ಬಾಯಿಪಾಠ ಮಾಡದವರು ನಮ್ಮಲ್ಲಿ ಯಾರಿದ್ದಾರೆ? ಮಹಾರಾಷ್ಟ್ರಕ್ಕೆ ಬಂದ ಮೇಲೆ ಆ ಪಟ್ಟಿಗೆ ಇನ್ನೊಂದು ಸೇರಿತು: ವಳೀವ. ನಮ್ಮ ಕಡೆಯ ಅಡ್ಡಮಳಿ. ಮಧ್ಯಾಹ್ನದವರೆಗೆ ಎಲೆ ಅಲುಗಾಡುವುದಿಲ್ಲ, ಮೂರೂವರೆಗೆ ಮೂಲೆಯಲ್ಲಿ ಕಪ್ಪು ಮೋಡ, ನಾಲ್ಕಕ್ಕೆ ಧೂಳು, ನಾಲ್ಕೂವರೆಗೆ ದಪ್ಪ ಹನಿ, ಐದೂವರೆಗೆ ಏನೂ ಆಗಿಲ್ಲವೆಂಬಂತೆ ಸಂಜೆ ಬಿಸಿಲು.

ಕಾರಣ ಬಿಸಿಲಿನಲ್ಲೇ ಇದೆ. ಏಪ್ರಿಲ್-ಮೇನಲ್ಲಿ ವಿದರ್ಭದಿಂದ ಮರಾಠವಾಡಾ, ಒಳನಾಡು ಕರ್ನಾಟಕದ ಮೇಲಿಂದ ತಮಿಳುನಾಡಿನ ಕಡೆಗೆ ಗಾಳಿಯ ಒಂದು ಗೆರೆ ಬಿದ್ದಿರುತ್ತದೆ. ಎರಡು ದಿಕ್ಕಿನ ಗಾಳಿಗಳು ಅಲ್ಲಿ ಸಂಧಿಸುತ್ತವೆ. ಸಮುದ್ರದಿಂದ ಬಂದ ತೇವ ಕೆಳಗೆ ಸೇರಿರುತ್ತದೆ, ಮೇಲೆ ಒಣ, ತಣ್ಣನೆಯ ಗಾಳಿ. ಕಾದ ನೆಲ ಕೆಳಗಿನ ತೇವದ ಗಾಳಿಯನ್ನು ಮೇಲಕ್ಕೆ ತಳ್ಳುತ್ತದೆ, ಅದು ಏರುತ್ತ ತಣಿದು ಮೋಡವಾಗುತ್ತದೆ, ಮೋಡವಾಗುವಾಗ ಬಿಡುವ ಶಾಖ ಅದನ್ನು ಇನ್ನೂ ಮೇಲಕ್ಕೆ ಒಯ್ಯುತ್ತದೆ. ಹತ್ತು ಹದಿನೈದು ಕಿಲೋಮೀಟರ್ ಎತ್ತರದ ಆ ಮೋಡದೊಳಗೆ ಮಂಜಿನ ಹರಳುಗಳು ತಿಕ್ಕಾಡಿ ಮಿಂಚು ಹುಟ್ಟುತ್ತದೆ. ಹೀಗಾಗಿ ಬಿಸಿಲು, ಸೆಕೆ, ಸಿಡಿಲು ಮೂರೂ ಒಂದೇ ದಿನದ ಮೂರು ಹೊತ್ತುಗಳು.

ಇವು ಕೊಲ್ಲುತ್ತವೆ ಎಂದು ಮೊದಲಿನಿಂದಲೂ ಗೊತ್ತಿತ್ತು. 1888ರ ಏಪ್ರಿಲ್ 30ರಂದು ಉತ್ತರ ಪ್ರದೇಶದ ಮೊರಾದಾಬಾದಿನಲ್ಲಿ ಬಿದ್ದ ಆಲಿಕಲ್ಲು ಮಳೆಗೆ 246 ಜನ ಸತ್ತರು. ಆಲಿಕಲ್ಲಿಗೆ ಅತಿ ಹೆಚ್ಚು ಜನ ಬಲಿಯಾದ ವಿಶ್ವದಾಖಲೆ ಇವತ್ತಿಗೂ ಅದೇ. ಆದರೆ ಗುಡುಗು ಮಳೆಯನ್ನು ನಿತ್ಯ ಬೆನ್ನು ಹತ್ತುವ ವ್ಯವಸ್ಥೆ ಬೆಳೆದದ್ದು ವಿಮಾನಗಳ ಕಾಲದಲ್ಲಿ. 1914ರಲ್ಲಿ ಆಗ್ರಾದಲ್ಲಿ ಬಲೂನು ಹಾರಿಸಿ ಮೇಲಿನ ಗಾಳಿ ಅಳೆಯುವ ಕೇಂದ್ರ ಶುರುವಾಯಿತು. 1932ರಲ್ಲಿ ಜೆ.ಆರ್.ಡಿ. ಟಾಟಾ ಕರಾಚಿಯಿಂದ ಮುಂಬಯಿಗೆ ಅಂಚೆ ವಿಮಾನ ತಂದರಲ್ಲ, ಆ ಅಂಚೆ ಮುಂದೆ ನಮ್ಮ ಬಳ್ಳಾರಿಯಲ್ಲಿ ಇಳಿದು ಮದ್ರಾಸಿಗೆ ಹೋಯಿತು. ಅಂಥ ಪುಟ್ಟ ವಿಮಾನಕ್ಕೆ ದಖನ್ನಿನ ಒಂದು ಅಡ್ಡಮಳೆ ಸಾಕು. 1954ರಲ್ಲಿ ಬಿರುಗಾಳಿ ಪತ್ತೆಯ ಮೊದಲ ರಡಾರ್ ಬಂದದ್ದು ಎಲ್ಲಿಗೆ? ಕಾಲಬೈಸಾಖಿಯ ದಾರಿಯಲ್ಲಿರುವ ಕಲ್ಕತ್ತೆಯ ಡಂಡಂ ವಿಮಾನ ನಿಲ್ದಾಣಕ್ಕೆ.

ರೈತರ ಸರದಿ ಬಂದದ್ದು 1945ರಲ್ಲಿ, ಆಕಾಶವಾಣಿಯಲ್ಲಿ ರೈತರಿಗಾಗಿ ಹವಾಮಾನ ವಾರ್ತೆ ಶುರುವಾದಾಗ. ಅದೇ ದಶಕದ ಕೊನೆಗೆ, 1948ರಲ್ಲಿ, ಈ ಸಿಮ್ಲಾ ಆಫೀಸಿಗೆ ಕೆಲಸಕ್ಕೆ ಬಂದವರು ಅಣ್ಣಾ ಮಣಿ. ಬೆಂಗಳೂರಿನ ಇಂಡಿಯನ್ ಇನ್ಸ್‌ಟಿಟ್ಯೂಟ್ ಆಫ್ ಸೈನ್ಸ್‌ನಲ್ಲಿ ಸಿ.ವಿ. ರಾಮನ್ ಅವರ ಬಳಿ ವಜ್ರ, ಮಾಣಿಕ್ಯಗಳ ಮೇಲೆ ಸಂಶೋಧನೆ ಮಾಡಿದ ಹೆಣ್ಣುಮಗಳು. ಸಾಮಾನ್ಯ ಥರ್ಮಾಮೀಟರೂ ವಿದೇಶದಿಂದ ಬರುತ್ತಿದ್ದ ಕಾಲದಲ್ಲಿ ಸುಮಾರು ನೂರು ಹವಾಮಾನ ಉಪಕರಣಗಳ ನಕ್ಷೆಗಳನ್ನು ಅವರು ಅಳತೆಗೆ ತಂದು ಇಲ್ಲೇ ತಯಾರಾಗುವಂತೆ ಮಾಡಿದರು. ತಪ್ಪು ಅಳತೆಗಿಂತ ಅಳತೆಯೇ ಇಲ್ಲದಿರುವುದು ಮೇಲು ಎನ್ನುವುದು ಅವರ ನಿಲುವಾಗಿತ್ತು.

ಅಂತೂ ಹಡಗು, ಖಜಾನೆ, ವಿಮಾನ, ಹೊಲ ಎಲ್ಲಕ್ಕೂ ಒಂದೊಂದು ಉತ್ತರ ಸಿಕ್ಕಿತು. ಬಿಸಿಲಿಗೆ?

*

ಕಲ್ಕತ್ತೆಯ ಚಂಡಮಾರುತದ 1864ರಲ್ಲೇ ಶಿಮ್ಲಾ ಅಧಿಕೃತವಾಗಿ ಬೇಸಿಗೆ ರಾಜಧಾನಿಯಾಯಿತು. ವರ್ಷವರ್ಷವೂ ಬಿಸಿಲೇರಿದಂತೆ ಫೈಲುಗಳು, ಗುಮಾಸ್ತರು, ಸಾಹೇಬರು, ಮೇಮ್‌ಸಾಹೇಬರು ಎಲ್ಲರೂ ಬೆಟ್ಟ ಹತ್ತುತ್ತಿದ್ದರು. ಹವಾಮಾನ ಇಲಾಖೆಯ ಕೇಂದ್ರ ಕಚೇರಿಯೇ ಅಲ್ಲಿತ್ತು. ಚಂಡಮಾರುತದಿಂದ, ಬರದಿಂದ ಸರ್ಕಾರ ಓಡಿಹೋಗುವಂತಿರಲಿಲ್ಲ. ಬಿಸಿಲಿನಿಂದ ಓಡಿಹೋಗಬಹುದಿತ್ತು, ಓಡಿಹೋಯಿತು. ಹಾಗಾಗಿ ಕೇಳಬೇಕಾದ ಪ್ರಶ್ನೆಯೇ ಏಳಲಿಲ್ಲ. ನಾನು ಸಿಗ್ನಲ್‌ನಲ್ಲಿ ನೋಡಿ ನಗುತ್ತಿದ್ದ ಹೆಸರಿನ ಹಿಂದೆ ಇರುವುದು ಈ ಇತಿಹಾಸ.

ಎಲ್ಲ ತಪ್ಪನ್ನೂ ಬಿಳಿಯರ ಮೇಲೆ ಹಾಕುವುದೂ ಸರಿಯಲ್ಲ. ನಮ್ಮ ಅಜ್ಜನ ಪಂಚಾಂಗವೂ ಬಿಸಿಲನ್ನು ಹೇಳುತ್ತಿರಲಿಲ್ಲ. ಏಪ್ರಿಲ್ ನಡುವೆ ಅಶ್ವಿನಿ, ತಿಂಗಳ ಕೊನೆಗೆ ಭರಣಿ, ಆಮೇಲೆ ಕೃತ್ತಿಕಾ, ರೋಹಿಣಿ. ಸುಡುವ ಬೇಸಿಗೆಯನ್ನೂ ಅವರು ಎಣಿಸುತ್ತಿದ್ದುದು ಮಳೆಯ ಹೆಸರಿನಿಂದಲೇ. ‘ಭರಣಿ ಮಳೆ ಧರಣಿಯೆಲ್ಲಾ ಬೆಳೆ’ ಅನ್ನುತ್ತ ಮುಗಿಲು ನೋಡುವರು. ಬಿಸಿಲು ಬಂದೇ ಬರುವುದು, ಅದನ್ನೇನು ಕೇಳುವುದು? ಯಾದಗಿರಿ ಕಾಕಾ ನಕ್ಕದ್ದೂ ಹಾಗೇ.

ಆದರೆ ಅಜ್ಜನ ಬಳಿ ಒಂದು ವಸ್ತು ಇತ್ತು: ಅವನ ಹೊತ್ತು ಅವನ ಕೈಯಲ್ಲಿತ್ತು. ಬೇಸಿಗೆಯಲ್ಲಿ ನಸುಕಿಗೇ ಹೊಲಕ್ಕೆ ಹೋಗಿ, ಬಿಸಿಲೇರುವ ಮೊದಲೇ ಎತ್ತು ಬಿಟ್ಟು, ಬೇವಿನ ಗಿಡದ ಕೆಳಗೆ ರೊಟ್ಟಿ ಬಿಚ್ಚಿ, ಒಂದು ನಿದ್ದೆ ತೆಗೆದು, ಇಳಿಹೊತ್ತಿಗೆ ಮತ್ತೆ ಏಳುವನು. ಅವನಿಗೆ ಮುನ್ನೋಟ ಬೇಕಿರಲಿಲ್ಲ, ನೆರಳು ಸಾಕಿತ್ತು. ಅದೇ ಮನುಷ್ಯ ಊರು ಬಿಟ್ಟು ಪುಣೆಗೋ ಹೈದರಾಬಾದಿಗೋ ಬಂದು ಸೈಟಿನ ಮೇಲೆ ನಿಂತಾಗ ಹೊತ್ತು ಇನ್ನೊಬ್ಬರದು. ಮಧ್ಯಾಹ್ನ ಬಿಟ್ಟರೆ ಅರ್ಧ ಹಾಜರಿ.

*

ಇಲ್ಲಿ ಒಂದು ಸೂಕ್ಷ್ಮವಿದೆ. ಬೇಸಿಗೆಯಲ್ಲಿ ನಾವು ಪೇಪರಿನಲ್ಲಿ ನೋಡುವುದು ಒಂದೇ ಅಂಕಿ, ಗರಿಷ್ಠ ಉಷ್ಣಾಂಶ. ನಾವು ವಾಸಿಸುವ ಊರುಗಳ ಭಾಷೆಗಳಿಗೆ ಮಾತ್ರ ಮೊದಲಿನಿಂದ ಎರಡು ಪದ. ಕನ್ನಡದಲ್ಲಿ ಬಿಸಿಲು ಬೇರೆ, ಸೆಕೆ ಬೇರೆ. ಮರಾಠಿಯಲ್ಲಿ ಊನ್ ಮತ್ತು ಉಕಾಡಾ, ತೆಲುಗಿನಲ್ಲಿ ಎಂಡ ಮತ್ತು ಉಕ್ಕಪೋತ, ತಮಿಳಿನಲ್ಲಿ ವೆಯಿಲ್ ಮತ್ತು ಪುಳುಕ್ಕಂ, ಹಿಂದಿಯಲ್ಲಿ ಧೂಪ್ ಮತ್ತು ಉಮಸ್. ಜನರಿಗೆ ಗೊತ್ತಿತ್ತು, ಇವೆರಡೂ ಬೇರೆ ಬೇರೆ ಕಷ್ಟ.

ಹವಾಮಾನ ಕೇಂದ್ರಗಳಲ್ಲಿ ಬಿಳಿ ಬಣ್ಣದ, ಸಂದುಸಂದಿನ ಮರದ ಪೆಟ್ಟಿಗೆ ನೋಡಿದ್ದೀರಲ್ಲ? ಸ್ಟೀವನ್‌ಸನ್ ಪೆಟ್ಟಿಗೆ. ಅದರಲ್ಲಿ ಎರಡು ಥರ್ಮಾಮೀಟರ್ ಜೋಡಿಯಾಗಿ ಇರುತ್ತವೆ. ಒಂದು ಸಾದಾ. ಇನ್ನೊಂದರ ತಳಕ್ಕೆ ಒದ್ದೆ ಬಟ್ಟೆ ಸುತ್ತಿರುತ್ತಾರೆ. ಗಾಳಿ ಒಣಗಿದ್ದರೆ ಬಟ್ಟೆಯ ನೀರು ಆರಿ ಅದು ತಣ್ಣಗಾಗುತ್ತದೆ; ಗಾಳಿಯಲ್ಲಿ ತೇವವಿದ್ದರೆ ನೀರು ಆರುವುದಿಲ್ಲ. ನಮ್ಮ ಮೈಯೂ ಅದೇ ಒದ್ದೆ ಬಟ್ಟೆ. ಬೆವರು ಆರಿದರೆ ಬದುಕು.

ಲೆಕ್ಕ ಹಾಕಿ ನೋಡಿದೆ. ವಿಜಯಪುರದಂಥ ಊರಲ್ಲಿ 41 ಡಿಗ್ರಿ ಬಿಸಿಲು, ಶೇ 20 ಆರ್ದ್ರತೆ ಇದ್ದರೆ ಒದ್ದೆ ಥರ್ಮಾಮೀಟರ್ ತೋರಿಸುವುದು ಸುಮಾರು 23. ಮುಂಬಯಿ, ಚೆನ್ನೈಯಂಥ ಊರಲ್ಲಿ 34 ಡಿಗ್ರಿಯೇ ಇದ್ದು ಆರ್ದ್ರತೆ ಶೇ 70 ಆದರೆ ಅದು ಸುಮಾರು 29. ಪೇಪರಿನಲ್ಲಿ ಏಳು ಡಿಗ್ರಿ ಕಡಿಮೆ, ಮೈಗೆ ಆರು ಡಿಗ್ರಿ ಹೆಚ್ಚು. ಇಂಗ್ಲೆಂಡಿನ ಗಣಿಗಳಲ್ಲಿ ಅಧ್ಯಯನ ಮಾಡಿದ ಜೆ.ಎಸ್. ಹಾಲ್ಡೇನ್ 1905ರಲ್ಲೇ ಬರೆದಿದ್ದರು: ಗಾಳಿಯಾಡದ ಜಾಗದಲ್ಲಿ ಒದ್ದೆ ಥರ್ಮಾಮೀಟರ್ ಸುಮಾರು 31 ಡಿಗ್ರಿ ದಾಟಿದರೆ ಸುಮ್ಮನೆ ಕೂತವನ ಮೈಯೂ ಕಾಯತೊಡಗುತ್ತದೆ. 2022ರಲ್ಲಿ ಅಮೆರಿಕದ ಪೆನ್ ಸ್ಟೇಟ್ ವಿಶ್ವವಿದ್ಯಾಲಯದವರು ಆರೋಗ್ಯವಂತ ಯುವಕರನ್ನು ಪರೀಕ್ಷಿಸಿದಾಗ, ಸೆಕೆಯ ವಾತಾವರಣದಲ್ಲಿ ಸಿಕ್ಕ ಮಿತಿಯೂ 31ರ ಆಸುಪಾಸೇ. ಅಂದರೆ ಅಳೆಯುವ ಉಪಕರಣ ಪೆಟ್ಟಿಗೆಯಲ್ಲಿ ಇದ್ದೇ ಇತ್ತು, ಅರ್ಥವೂ ಗೊತ್ತಿತ್ತು. ನಮ್ಮ ಇಲಾಖೆ ಮೈಗೆ ತಟ್ಟುವ ಶಾಖದ ಸೂಚ್ಯಂಕವನ್ನು ಪ್ರಾಯೋಗಿಕವಾಗಿ ಪ್ರಕಟಿಸತೊಡಗಿದ್ದು 2023ರಲ್ಲಿ.

ನಾನು ಎಂಟೆಕ್ ಓದಿದ್ದು ಸಿವಿಲ್‌ನಲ್ಲಿ. ಐಟಿಗೆ ಬಂದದ್ದು ಆಮೇಲೆ. ಹಾಗಾಗಿ ಓದುವಾಗ ಒಂದು ಹಳೆಯ ನೆನಪು ಚುಚ್ಚಿತು. ಬಿಸಿ ಹವೆಯಲ್ಲಿ ಕಾಂಕ್ರೀಟ್ ಹಾಕುವಾಗ ಏನೇನು ಜಾಗ್ರತೆ ವಹಿಸಬೇಕು ಎಂದು ಭಾರತೀಯ ಮಾನಕವೊಂದಿದೆ, ಐ.ಎಸ್. 7861. ಅದರ ಬಿಸಿ ಹವೆಯ ಭಾಗ ಬಂದದ್ದು 1975ರಲ್ಲಿ. 40 ಡಿಗ್ರಿ ಮೀರಿದರೆ ಕಾಂಕ್ರೀಟಿಗೆ ವಿಶೇಷ ಆರೈಕೆ ಬೇಕು: ಜಲ್ಲಿಗೆ ನೆರಳು, ತಣ್ಣೀರು, ಸಂಜೆ ಹೊತ್ತಿನ ಕೆಲಸ. ಅದನ್ನು ನಾನು ಪರೀಕ್ಷೆಯಲ್ಲಿ ಬರೆದು ಅಂಕ ಪಡೆದಿದ್ದೆ. ಆ ಕಾಂಕ್ರೀಟನ್ನು ಹೊರುವವನಿಗೆ ಏನು ಅಂತ ಅಂದು ನಾನೂ ಕೇಳಿರಲಿಲ್ಲ.

*

ಮನುಷ್ಯನ ಲೆಕ್ಕ ಶುರುವಾದದ್ದು ಹೆಣ ಬಿದ್ದ ಮೇಲೆ. 1998ರಲ್ಲಿ ಒಡಿಶಾದಲ್ಲಿ ಬಿಸಿಗಾಳಿಗೆ ಸುಮಾರು ಎರಡು ಸಾವಿರ ಜನ ಸತ್ತರು. 2010ರ ಮೇ ತಿಂಗಳಲ್ಲಿ ಅಹಮದಾಬಾದಿನಲ್ಲಿ ಉಷ್ಣಾಂಶ 46.8 ಡಿಗ್ರಿ ಮುಟ್ಟಿತು. ಆಮೇಲೆ ನಗರದ ಮರಣ ದಾಖಲೆಗಳನ್ನು ಹಿಂದಿನ ವರ್ಷಗಳ ಜೊತೆ ತಾಳೆ ನೋಡಿದಾಗ, ಆ ಒಂದೇ ತಿಂಗಳಲ್ಲಿ 1,344 ಹೆಚ್ಚುವರಿ ಸಾವುಗಳು ಕಂಡವು. ಬಿಸಿಲಿಗೆ ಸತ್ತವರ ಮರಣಪತ್ರದಲ್ಲಿ ಸಾಮಾನ್ಯವಾಗಿ ‘ಬಿಸಿಲು’ ಎಂದಿರುವುದಿಲ್ಲ. ಹೃದಯಾಘಾತ ಎಂದಿರುತ್ತದೆ, ಮೂತ್ರಪಿಂಡ ವೈಫಲ್ಯ ಎಂದಿರುತ್ತದೆ. ಎಣಿಸಿ ನೋಡದೆ ಅದು ಕಾಣುವುದೇ ಇಲ್ಲ. ಎಣಿಸಿದ ಊರು 2013ರಲ್ಲಿ ದಕ್ಷಿಣ ಏಷ್ಯಾದ ಮೊದಲ ಬಿಸಿಲು ಕ್ರಿಯಾಯೋಜನೆ ಮಾಡಿತು. ಬಿಸಿಲೇರುವ ಮುನ್ನ ಆಸ್ಪತ್ರೆಗಳಿಗೆ ಸೂಚನೆ, ಕುಡಿಯುವ ನೀರು, ಜನರಿಗೆ ಎಚ್ಚರಿಕೆ; ದೊಡ್ಡ ತಂತ್ರಜ್ಞಾನವೇನಲ್ಲ.

2015ರಲ್ಲಿ ಆಂಧ್ರ, ತೆಲಂಗಾಣಗಳಲ್ಲಿ ಎರಡು ಸಾವಿರಕ್ಕೂ ಹೆಚ್ಚು ಜನ ಸತ್ತರು. ಮರುವರ್ಷ, 2016ರಲ್ಲಿ, ಹವಾಮಾನ ಇಲಾಖೆ ಬೇಸಿಗೆಯ ಉಷ್ಣಾಂಶಕ್ಕೂ ಋತುಮಾನದ ಮುನ್ನೋಟ ಕೊಡತೊಡಗಿತು. ಎಲ್ ನಿನೋ ಬೆನ್ನಿಗೇ ಬಂದ ಆ ಬೇಸಿಗೆಯ ಮೇ 19ರಂದು ರಾಜಸ್ಥಾನದ ಫಲೋಡಿಯಲ್ಲಿ 51 ಡಿಗ್ರಿ ದಾಖಲಾಯಿತು. ಮಳೆಯ ಮೊದಲ ಮುನ್ಸೂಚನೆ 1886, ಬೇಸಿಗೆಯ ಮೊದಲ ಮುನ್ನೋಟ 2016. ನಡುವೆ 130 ವರ್ಷ.

ಈ ಮುನ್ನೋಟ ಏನು ಹೇಳುತ್ತದೆ, ಏನು ಹೇಳುವುದಿಲ್ಲ ಎನ್ನುವುದೂ ತಿಳಿದಿರಬೇಕು. ‘ವಾಡಿಕೆ’ ಎಂದರೆ ಮೂವತ್ತು ವರ್ಷಗಳ ಸರಾಸರಿ. ಸಮುದ್ರ ಮತ್ತು ಗಾಳಿಯನ್ನು ಒಟ್ಟಿಗೆ ಲೆಕ್ಕ ಹಾಕುವ ಮಾದರಿಯನ್ನು ಸ್ವಲ್ಪ ಸ್ವಲ್ಪ ಬದಲಿಸಿ ಹಲವು ಸಲ ಓಡಿಸುತ್ತಾರೆ. ಹೆಚ್ಚು ಸಲ ಬಿಸಿಲು ಬಂದ ಕಡೆ ನಕ್ಷೆ ಕೆಂಪಾಗುತ್ತದೆ. ಅದು ಋತುವಿನ ಒಲವು ಮಾತ್ರ. ಮೇ 12ರ ಮಧ್ಯಾಹ್ನ ಹೇಗಿರುತ್ತದೆ ಎಂದು ಅದು ಹೇಳಲಾರದು. ಅದಕ್ಕೆ ಕೆಲವೇ ದಿನ ಮೊದಲು ಬರುವ ಬಿಸಿಗಾಳಿ ಎಚ್ಚರಿಕೆ ಬೇಕು: ಬಯಲುನಾಡಿನಲ್ಲಿ 40, ಕರಾವಳಿಯಲ್ಲಿ 37 ಡಿಗ್ರಿ ದಾಟಿ, ವಾಡಿಕೆಗಿಂತ 4.5 ಡಿಗ್ರಿ ಹೆಚ್ಚಾದರೆ ಬಿಸಿಗಾಳಿ. ಗುಡುಗಿಗೆ ಇನ್ನೂ ಕಡಿಮೆ ಹೊತ್ತು. ಯಾವ ಊರ ಮೇಲೆ ಎಂದು ಖಚಿತವಾಗುವುದು ರಡಾರ್‌ನಲ್ಲಿ ಮೋಡ ಕಂಡ ಮೇಲೆ, ಎರಡು ಮೂರು ಗಂಟೆ ಮೊದಲು. ಸಿಡಿಲಿಗೆ ದೇಶದಲ್ಲಿ ವರ್ಷಕ್ಕೆ 2,500ಕ್ಕೂ ಹೆಚ್ಚು ಜನ ಸಾಯುತ್ತಾರೆ. ಪುಣೆಯ ಉಷ್ಣವಲಯ ಹವಾಮಾನ ಸಂಸ್ಥೆಯವರ ‘ದಾಮಿನಿ’ ಆ್ಯಪ್ ಹತ್ತಿರದ ಸಿಡಿಲಿನ ಎಚ್ಚರಿಕೆ ಕೊಡುತ್ತದೆ.

ಮುಂದಿನ ಭಾನುವಾರ ಅದನ್ನು ಕಾಕಾನ ಮೊಬೈಲಿಗೆ ಹಾಕಿಕೊಟ್ಟೆ. ಅಜ್ಜನ ಬೇವಿನ ಗಿಡದ ಮಾತೂ ಬಂತು. “ಒಂದು ಗಂಟೆಗೆ ಉಳಸು ಗಿಡ ನಾಕು ಗಂಟೆಗೆ ಕೊಲ್ತದ್ರಿ,” ಅಂದರು. ಅವರ ಊರಲ್ಲಿ ಅಡ್ಡಮಳಿಗೆ ಗಿಡದ ಕೆಳಗೆ ನಿಂತ ಇಬ್ಬರು ಹೋಗಿದ್ದರಂತೆ. ಬಿಸಿಲು, ಸೆಕೆ, ಸಿಡಿಲು ಒಂದೇ ದಿನದ ಮೂರು ಹೊತ್ತು ಎಂದು ಅವರಿಗೆ ನಾನು ಹೇಳಬೇಕಾಗಿರಲಿಲ್ಲ.

ಆದರೆ ಅವರ ಮೊದಲ ಪ್ರಶ್ನೆಗೆ ಆ್ಯಪ್ ಉತ್ತರವಲ್ಲ. ಎಷ್ಟು ಹೊತ್ತಿಗೆ ಕೆಲಸ ಬಿಡಬೇಕು? ಮಧ್ಯಾಹ್ನ 12ರಿಂದ 3ರವರೆಗೆ ಬಿಸಿಲಿಗೆ ಇಳಿಯಬೇಡಿ ಎಂದು ವಿಪತ್ತು ನಿರ್ವಹಣಾ ಪ್ರಾಧಿಕಾರ ಹೇಳುತ್ತದೆ. ಆ ಹೊತ್ತನ್ನು ಸೈಟಿನಲ್ಲಿ ಯಾರು ಬಿಡಿಸಬೇಕು? ಸೂಪರ್‌ವೈಸರನ್ನು ಕೇಳಿದರೆ ಸ್ಲ್ಯಾಬಿನ ತಾರೀಖು ತೋರಿಸಿದ. ತಾರೀಖು ಯಾರದು ಅಂದರೆ, ಖರೀದಿದಾರರದು ಅಂದ. ಸುಳ್ಳಲ್ಲ. ನಮ್ಮ ಖರೀದಿದಾರರ ವಾಟ್ಸ್ಯಾಪ್ ಗುಂಪಿನಲ್ಲಿ ‘ಒಂದು ದಿನವೂ ತಡವಾಗಕೂಡದು’ ಎಂದು ಫೆಬ್ರವರಿಯಲ್ಲಿ ಬರೆದವರ ಪೈಕಿ ನಾನೂ ಒಬ್ಬ. ಅದೂ ಪ್ರಾಜೆಕ್ಟ್ ಮ್ಯಾನೇಜರನ ಭಾಷೆಯಲ್ಲಿ, ಅಂಕಿ ಸಮೇತ. ಕೇಳುವವರ ಸಾಲಿನಲ್ಲಿ ಈಗ ಹಡಗಿನವರ, ಖಜಾನೆಯವರ ಪಕ್ಕ ನಾನೂ ನಿಂತಿದ್ದೆ. ನಾನು ಕೇಳಿದ್ದು ತಾರೀಖು.

ಆ ರಾತ್ರಿ ಅದೇ ಗುಂಪಿನಲ್ಲಿ ಇನ್ನೊಂದು ಸಂದೇಶ ಹಾಕಿದೆ: ಮೇ ತಿಂಗಳಲ್ಲಿ 12ರಿಂದ 3ರವರೆಗೆ ಕೆಲಸ ನಿಲ್ಲಿಸಿ, ನಸುಕಿಗೆ ಶುರು ಮಾಡಲು, ಹಾಜರಿ ಕತ್ತರಿಸದಿರಲು ನಾವೇ ಬಿಲ್ಡರಿಗೆ ಬರೆದುಕೊಡೋಣ, ಹದಿನೈದು ದಿನ ತಡವಾದರೆ ಒಪ್ಪಿಕೊಳ್ಳೋಣ. ನಾಲ್ವರು ಹೂಂ ಅಂದರು. ಕೆಲವರು ಬಾಡಿಗೆ ಮತ್ತು ಇಎಂಐ ಎರಡೂ ಕಟ್ಟುವ ಕಷ್ಟ ಹೇಳಿದರು, ಅದೂ ನಿಜವೇ. ಉಳಿದವರು ಸುಮ್ಮನಿದ್ದರು. ಸಹಿ ಇನ್ನೂ ಸಂಗ್ರಹವಾಗುತ್ತಿದೆ.

ಮೊನ್ನೆ ಸಂಜೆ ಈ ವರ್ಷದ ಮೊದಲ ವಳೀವ ಬಿತ್ತು. ಕಾಕಾ ಫೋನ್ ಮಾಡಿದ್ದರು. “ನಿಮ್ಮ ದಾಮಿನಿ ಒದರಿತ್ರಿ ಸರ, ಎಲ್ಲಾರೂ ಕೆಳಗ ಇಳದೀವಿ,” ಅಂದರು. ಆಮೇಲೆ ಸ್ವಲ್ಪ ತಡೆದು, “ಬಿಸಲಿಗೂ ಹಂಗ ಒದರೂದು ಏನಾರ ಅದ ಏನ್ರಿ?” ಎಂದು ಕೇಳಿದರು.

ಸಹಿಯ ಹಾಳೆ ಮೇಜಿನ ಮೇಲೆಯೇ ಇತ್ತು. “ನೋಡತೀನಿ ಕಾಕಾ” ಅಂದೆ.